ಎರಡು ಪೌಂಡ್ ಸಡಿಲವಾದ ಗಟ್

ಬೆಳಗಿನ ಐದೂವರೆ. ಮಸ್ಕತ್‌ನ ಒಳಾಂಗಣ ಕ್ರೀಡಾಂಗಣದ ಮೆಟ್ಟಿಲಡಿಯ ಕೋಣೆಯಿಂದ ಟಣ್ ಎಂಬ ಸಣ್ಣ ಸದ್ದು. ಒಲಿಂಡಾ ಮಥಾಯಸ್ ಆಗಷ್ಟೇ ಬಿಗಿದ ಬ್ಯಾಡ್ಮಿಂಟನ್ ರಾಕೆಟ್ಟಿನ ಗಟ್ಟನ್ನು, ಅಂದರೆ ಬಲೆಯ ದಾರವನ್ನು, ಹೆಬ್ಬೆರಳಿನಿಂದ ಮೀಟಿ ಕಿವಿಗೆ ಹಿಡಿಯುತ್ತಾರೆ. ಸದ್ದು ಒಪ್ಪಿಗೆಯಾದರೆ ಹಿಡಿಗೊಂದು ಚೀಟಿ ಅಂಟಿಸುತ್ತಾರೆ: ಯಾರ ರಾಕೆಟ್, ಎಷ್ಟು ಪೌಂಡ್ ಬಿಗಿ. ಆಮೇಲೆ ಮುಂದಿನದು.

ಉಡುಪಿ ಬಳಿಯ ಶಿರ್ವದ ಈ ಐವತ್ತೆರಡರ ಹೆಂಗಸು ಹತ್ತೊಂಬತ್ತು ವರ್ಷಗಳಿಂದ ಒಮಾನಿನದೇ ಸುವೈಕ್ ಪಟ್ಟಣದ ಆಟದ ಸಾಮಾನಿನ ಅಂಗಡಿಯಲ್ಲಿದ್ದಾರೆ. ಕೌಂಟರಿಗೆಂದು ಸೇರಿದವರು. ಗಟ್ ಹಾಕುತ್ತಿದ್ದವನು ಊರಿಗೆ ಹೋದ ವಾರ ಬಿಗಿಯುವ ಯಂತ್ರದ ಮುಂದೆ ಕುಳಿತವರು ಮತ್ತೆ ಏಳಲಿಲ್ಲ. ಅಂತರರಾಷ್ಟ್ರೀಯ ಟೂರ್ನಿ ನಡೆಯುವ ವಾರ ಅಂಗಡಿಯ ಯಜಮಾನ ಹಂಝ ಯಂತ್ರದ ಸಮೇತ ಅವರನ್ನು ಇಲ್ಲಿಗೆ ಕರೆತರುತ್ತಾರೆ. ದಿನಕ್ಕೆ ಇಪ್ಪತ್ತು ರಾಕೆಟ್, ಒಂದಕ್ಕೆ ಅರ್ಧ ಗಂಟೆ. ಎಳೆದು ಎಳೆದು ಬೆರಳುಗಳಲ್ಲಿ ಗೆರೆ ಬಿದ್ದಿದೆ. ಪಂದ್ಯವೆಲ್ಲ ಗೋಡೆಯಾಚೆ, ಈಚೆಗೆ ಕೇಳುವುದು ಶೂಗಳ ಕಿರುಚಾಟ, ಚಪ್ಪಾಳೆ.

“ನಾನೂ ಆಡ್ತಿದ್ದೆ. ಇಗರ್ಜಿ ಮೈದಾನದಲ್ಲಿ, ಗಾಳಿ ನಿಂತ ಮೇಲೆ. ಮದುವೆ ಆಯ್ತು, ಖಲಾಸ್,” ಎಂದು ನಗುತ್ತಾರೆ. “ಒಂದು ಮ್ಯಾಚ್ ಪೂರ್ತಿ ಕೂತು ನೋಡ್ಬೇಕಂತ ಉಂಟು. ಇವತ್ತಿನವರೆಗೆ ಆಗ್ಲಿಲ್ಲ.”

“ಒಲಿಂಡಾಕ್ಕ ನೋಡ್ಲಿಕ್ಕೆ ಕೂತ್ರೆ ಆಡುವವರು ಅಂಗೈಯಲ್ಲೇ ಹೊಡೀಬೇಕಷ್ಟೆ,” ಎಂದು ಬಾಗಿಲಲ್ಲಿ ನಿಂತ ಹಂಝ ಕೆಣಕುತ್ತಾರೆ.

“ನೀವು ಸುಮ್ಮನಿರಿ ಮಾರಾಯ್ರೆ. ಮೊದಲು ಚಾ ತರಿಸಿ.”

ಎರಡು ವರ್ಷಗಳ ಹಿಂದೆ ಜಪಾನಿನ ಸಿಂಗಲ್ಸ್ ಆಟಗಾರ್ತಿಯೊಬ್ಬಳು ಇಲ್ಲಿಗೆ ಬಂದಿದ್ದಳು. “ಈಗ ಆಟ ಬಿಟ್ಟಳು, ಹಾಗಾಗಿ ಹೇಳ್ಬಹುದು. ಹೆಸರು ಮಾತ್ರ ಬೇಡ,” ಎನ್ನುತ್ತಾರೆ ಒಲಿಂಡಾ. ಹದಿನೇಳಕ್ಕೆ ಕಿರಿಯರ ಚಾಂಪಿಯನ್, ಇಪ್ಪತ್ತಮೂರಕ್ಕೆ ವಿಶ್ವದ ಮೊದಲ ಮೂವತ್ತರೊಳಗೆ. ಆಮೇಲೆ ಭುಜಕ್ಕೆ ಎರಡು ಶಸ್ತ್ರಚಿಕಿತ್ಸೆ. ರಾಷ್ಟ್ರೀಯ ತಂಡ ಕೈಬಿಟ್ಟಿತು. ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಕೋಚ್ ಇಲ್ಲದೆ, ತಾನೇ ಚೀಲ ಹೊತ್ತು ಸಣ್ಣ ಸಣ್ಣ ಟೂರ್ನಿಗಳಲ್ಲಿ ರ‍್ಯಾಂಕಿಂಗ್ ಅಂಕ ಹೆಕ್ಕುತ್ತಿದ್ದಳು. ಎಂಟು ಟೂರ್ನಿಗಳಿಂದ ಮೊದಲ ಸುತ್ತು ದಾಟಿರಲಿಲ್ಲ. ಇಲ್ಲೂ ಸೋತರೆ ಮುಗಿಯಿತು ಎಂದುಕೊಂಡೇ ಬಂದಿದ್ದಳು.

ಆಕೆ ಕೇಳಿದ್ದು ಇಪ್ಪತ್ತೇಳು ಪೌಂಡ್, ತನ್ನ ಒಳ್ಳೆಯ ದಿನಗಳ ಬಿಗಿ. ಗಟ್ ಬಿಗಿಯಾದಷ್ಟೂ ಶಟಲ್ ಹೇಳಿದ ಕಡೆ ಹೋಗುತ್ತದೆ. ಆದರೆ ದೂರ ಅಟ್ಟಲು ಭುಜದಲ್ಲಿ ಬಲ ಬೇಕು; ಸಡಿಲವಿದ್ದರೆ ಗಟ್ಟೇ ಚಿಮ್ಮಿಸಿಕೊಡುತ್ತದೆ.

ಅಂದು ಆಕೆಗೆ ರಾಕೆಟ್ ಕೊಟ್ಟು ಕಳುಹಿಸಿ, ಮುಂದಿನದನ್ನು ಯಂತ್ರಕ್ಕೆ ಏರಿಸುವಾಗ ಒಲಿಂಡಾ ಅಂಕಿ ನೋಡುತ್ತಾರೆ. ಇಪ್ಪತ್ತೈದು! ಆಕೆಗಿಂತ ಮೊದಲು ಬಂದವರಿಗೆ ಇಟ್ಟದ್ದನ್ನು ಬದಲಿಸಲು ಮರೆತಿದ್ದಾರೆ. ಇಪ್ಪತ್ತೇಳು ಇರುವುದು ಚೀಟಿಯಲ್ಲಿ ಮಾತ್ರ.

“ಕೈಲಿದ್ದದ್ದು ಅಲ್ಲೇ ಬಿಟ್ಟೆ. ಓಡಿದೆ. ಅಷ್ಟರಲ್ಲಿ ಆಟ ಶುರುವಾಗಿತ್ತು.”

ಬಾಗಿಲ ಸಂದಿಯಿಂದ ಅವರು ಕಂಡದ್ದು, ಎತ್ತರಕ್ಕೆ ಹಾರಿ ಅಂಕಣದ ಕೊನೆಯ ಗೆರೆಯ ಮೇಲೇ ಇಳಿಯುವ ಶಟಲ್. ಎರಡೂ ಗೇಮ್ ಆಕೆಯದೇ ಆಗುತ್ತವೆ.

ಗೆದ್ದವಳು ಬೆವರಿನಲ್ಲೇ ಮೆಟ್ಟಿಲಡಿಗೆ ಬರುತ್ತಾಳೆ. ಚೀಟಿಯ ಮೇಲೆ ಬೆರಳಿಟ್ಟು, ತಡವರಿಸುವ ಇಂಗ್ಲಿಷಿನಲ್ಲಿ ಹೇಳುತ್ತಾಳೆ: ಮೂರು ವರ್ಷಗಳ ಮೇಲೆ ನನ್ನ ಭುಜ ಇಪ್ಪತ್ತೇಳಕ್ಕೆ ಮರಳಿದೆ. ಕಣ್ಣು ತುಂಬಿದೆ. ಉಳಿದೆರಡು ರಾಕೆಟ್ಟುಗಳನ್ನು ಮೇಜಿನ ಮೇಲಿಡುತ್ತಾಳೆ. ಇವಕ್ಕೂ ಇದೇ ಬಿಗಿ ಎನ್ನುತ್ತಾಳೆ.

“ಸಾರಿ ಅಂತ ನಾಲಗೆ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿದೆ. ಕಳೆದುಹೋದದ್ದು ಸಿಕ್ಕಿತು ಅಂತ ಬಂದವಳ ಕೈಯಿಂದ ನಾನು ಕಿತ್ಕೊಳ್ಳುದು ಹೇಗೆ?”

ಆಕೆ ಹೋದ ಮೇಲೆ ಒಲಿಂಡಾ ಬಾಗಿಲನ್ನು ಅರ್ಧ ಮುಚ್ಚುತ್ತಾರೆ. ಈ ಸಲ ಮರೆವಿಲ್ಲ. ಯಂತ್ರವನ್ನು ನೋಡಿಯೇ ಇಪ್ಪತ್ತೈದಕ್ಕೆ ಇಡುತ್ತಾರೆ. ಚೀಟಿಯಲ್ಲಿ ಇಪ್ಪತ್ತೇಳು ಎಂದು ಬರೆಯುತ್ತಾರೆ.

ಹಂಝ ಇಣುಕುತ್ತಾರೆ. “ಎಂತ ಅಕ್ಕ, ಅವಳದ್ದೇನು ಕಂಪ್ಲೇಂಟಾ?”

“ಇಲ್ಲಪ್ಪ. ಗಟ್ ಒಳ್ಳೆದುಂಟಂತೆ.”

ಉಳಿದದ್ದನ್ನು ಹಂಝರಿಗೂ ಇಲ್ಲ, ಆ ಹುಡುಗಿಗೂ ಇಲ್ಲ, ಅವಳು ಆಡುತ್ತಿರುವವರೆಗೆ ಯಾರಿಗೂ ಹೇಳುವುದಿಲ್ಲವೆಂದು ಒಲಿಂಡಾ ಅಷ್ಟರಲ್ಲಿ ನಿಶ್ಚಯಿಸಿಯಾಗಿದೆ.