ತೊಳೆದ ನೀರಿನ ಲೆಕ್ಕ

ಸಾತನೂರಿನ ಕಡೆಯ ನಮ್ಮೂರಿನಲ್ಲಿ ಸಂಜೆ ಡೈರಿ ಮುಂದೆ ಕ್ಯಾನು ಹಿಡಿದು ಸಾಲು ನಿಂತರೆ ಯಾರ ಬಾಯಿಯೂ ಸುಮ್ಮನಿರುವುದಿಲ್ಲ. ಯಾರ ಹಸು ಒದೆಯಿತು, ಯಾರ ಸೊಸೆ ತವರಿಗೆ ಹೋದಳು, ಯಾರ ಹಿಪ್ಪುನೇರಳೆಗೆ ರೋಗ ಬಿತ್ತು, ಎಲ್ಲಾ ಅಲ್ಲೇ. ನಾನಂತೂ ಅತ್ತೆಯ ಪಕ್ಕ ನಿಂತು ಮಾತು ಕಲಿತವಳು. ನಾಲ್ಕು ಜನರನ್ನು ನಗಿಸುವುದು ಅವರಿಂದ ಚೆನ್ನಾಗಿ ಬಂತು. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಅವರು ಕಲಿಸಲಿಲ್ಲವೋ, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲವೋ.

ಅವತ್ತು ಮಗಳೂ ಜೊತೆಗೆ ಬಂದಿದ್ದಳು. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ, ಸಾಲಿನಲ್ಲಿ ನಿಂತರೂ ಫೋನಿನಲ್ಲಿ ಲೆಕ್ಕ. ನೋಡಮ್ಮ, ನಿನ್ನ ಲೆಕ್ಕವೇ ಬಂದಿದೆ ಎಂದು ಓದಿ ಹೇಳಿದಳು. ಒಂದು ಪಾತ್ರೆಯಲ್ಲಿ ನಲವತ್ತು ಲೀಟರ್ ಹಾಲು. ಹಾಲಿನವನು ನಾಲ್ಕು ಲೀಟರ್ ತೆಗೆದು ಅಷ್ಟೇ ನೀರು ಸುರಿಯುತ್ತಾನೆ. ಹೀಗೇ ಒಟ್ಟು ಮೂರು ಸಲ. ಕೊನೆಗೆ ಉಳಿದ ಹಾಲೆಷ್ಟು?

ಅದೇನು ದೊಡ್ಡ ಲೆಕ್ಕ, ಹನ್ನೆರಡು ಹೋದರೆ ಇಪ್ಪತ್ತೆಂಟು ಎಂದೆ. ಮಗಳು ನಕ್ಕಳು. ಎರಡನೇ ಸಲ ಅವನು ತೆಗೆಯುವುದು ಬರೀ ಹಾಲಲ್ಲ, ಮೊದಲು ಸುರಿದ ನೀರೂ ಅದರಲ್ಲಿ ಬರುತ್ತದೆ, ಹಾಗಾಗಿ ಪ್ರತಿ ಸಲವೂ ಇದ್ದುದರಲ್ಲಿ ಹತ್ತನೇ ಒಂದು ಪಾಲು ಮಾತ್ರ ಹೋಗುತ್ತದೆ ಎಂದಳು. ನಲವತ್ತು ಮೂವತ್ತಾರಾಯಿತು, ಮೂವತ್ತಾರು ಮೂವತ್ತೆರಡೂವರೆಗೆ ಒಂದು ಚೂರು ಕಡಿಮೆ ಆಯಿತು, ಕೊನೆಗೆ ಇಪ್ಪತ್ತೊಂಬತ್ತು ಲೀಟರಿನ ಮೇಲೆ ಒಂದಿಷ್ಟು ಉಳಿಯಿತು. ಎಷ್ಟು ಸಲ ಮಾಡಿದರೂ ಹಾಲು ಪೂರ್ತಿ ಮುಗಿಯುವುದೇ ಇಲ್ಲವಂತೆ.

ನನಗೆ ಅದು ಬಲು ಚೆನ್ನಾಗಿ ಕಂಡಿತು. ಸಾಲಿಗೆಲ್ಲ ಕೇಳುವ ಹಾಗೆ ಹೇಳಿದೆ. "ಹನ್ನೆರಡು ಲೀಟ್ರು ನೀರಾಕ್ಬುಟ್ಟು ಇಪ್ಪತ್ತೊಂಬತ್ತು ಲೀಟ್ರು ಹಾಲು ಉಳಿಸ್ಕೊಂಡವ್ನೆ ಕಣ್ರಪ್ಪ. ಇಂಥ ಕೈಚಳಕದೋರು ನಮ್ ಸಾಲಲ್ಲೂ ಯಾರಾದ್ರೂ ಇದ್ರೆ ಹೇಳಿ, ನಾನೂ ಒಸಿ ಕಲ್ತ್ಕೋತೀನಿ."

ಯಾವತ್ತಿನ ನಗು ಬರಲಿಲ್ಲ. ಒಬ್ಬಿಬ್ಬರು ಕೆಮ್ಮಿದರು. ನನ್ನ ಮುಂದೆ ನಿಂತಿದ್ದವಳು ಹಿತ್ತಿಲಾಚೆ ಮನೆಯ ಅಕ್ಕ. ಒಂದೇ ಹಸು ಅವಳದು, ಮನೆ ನಡೆಯುವುದು ಅದರ ಹಾಲಿನಲ್ಲೇ. ಅವಳು ತಿರುಗಿ ನನ್ನನ್ನು ನೋಡಿದಳು.

"ಇದಕ್ಕೇ ಮಗಳ್ನ ಬೇರೆ ಕರ್ಕೊಂಡ್ಬಂದಿದ್ದೀಯಾ, ಲೆಕ್ಕ ಹೇಳ್ಸೋಕೆ?"

ಅಷ್ಟೇ ಅಂದು, ಹಾಲನ್ನೂ ಹಾಕದೆ ಕ್ಯಾನು ಎತ್ತಿಕೊಂಡು ಹೊರಟುಹೋದಳು. ಹಿಂದಿದ್ದವರು ಆಮೇಲೆ ಹೇಳಿದರು. ಬೆಳಿಗ್ಗೆ ಅವಳ ಹಾಲಿಗೆ ಡಿಗ್ರಿ ಬರಲಿಲ್ಲವೆಂದು, ಅಂದರೆ ನೀರು ಸೇರಿದೆಯೆಂದು, ಡೈರಿಯ ಸೆಕ್ರೆಟರಿ ಎಲ್ಲರೆದುರು ವಾಪಸು ಕಳಿಸಿದ್ದನಂತೆ. ಇನ್ನೊಂದು ಸಲ ಹೀಗಾದರೆ ನಿನ್ನ ಹಾಲು ತೆಗೆದುಕೊಳ್ಳುವುದೇ ಇಲ್ಲ ಅಂದಿದ್ದನಂತೆ. ಬೆಳಗಿನ ಹಾಲು ಹಾಕುವುದು ನಮ್ಮ ಯಜಮಾನರು. ಮನೆಗೆ ಬಂದು ಒಂದು ಮಾತು ಹೇಳಿರಲಿಲ್ಲ. ನನಗೆ ಗೊತ್ತಿರಲಿಲ್ಲ ಅನ್ನುವುದನ್ನು ಯಾರಿಗೆ ಹೇಳಲಿ?

ಮರುದಿನ ಹಾಲು ಕರೆಯುವ ಹೊತ್ತಿಗೇ ಅವಳ ಕೊಟ್ಟಿಗೆಗೆ ಹೋದೆ. ಅವಳು ನನ್ನ ಕಡೆ ತಿರುಗದೆ ಹಾಲು ಕರೆಯುತ್ತಲೇ ಇದ್ದಳು. ಬತ್ತುತ್ತಾ ಬಂದಿದ್ದ ಹಸು, ಕರೆದದ್ದು ಸ್ವಲ್ಪವೇ ಹಾಲು. ಅದನ್ನು ಕ್ಯಾನಿಗೆ ಬಗ್ಗಿಸಿ, ಚೊಂಬಿಗೆ ಒಂದಿಷ್ಟು ನೀರು ಹಾಕಿ ಗಲಬರಿಸಿ, ಆ ಬೆಳ್ಳಗಿನ ನೀರನ್ನೂ ಕ್ಯಾನಿಗೇ ಸುರಿದಳು. ಚೊಂಬಿನ ಗೋಡೆ ಇನ್ನೂ ಬೆಳ್ಳಗಿತ್ತು. ಮತ್ತೆ ನೀರು, ಮತ್ತೆ ಕ್ಯಾನಿಗೆ. ಮತ್ತೊಮ್ಮೆ. ಹಾಲು ಹತ್ತಿದ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು ಎಂದು ನಮ್ಮ ಕಡೆಯ ಹೆಂಗಸರೆಲ್ಲ ಮಾಡುವುದೇ ಹೀಗೆ. ನನಗೂ ಅತ್ತೆ ಇದನ್ನೇ ಕಲಿಸಿದ್ದು. ಅಕ್ಕ ಮಾತ್ರ ನೀರು ತಿಳಿಯಾಗುವವರೆಗೂ ಬಿಡುವವಳಲ್ಲ. ತಿಳಿಯಾಗುವುದೆಲ್ಲಿ ಬಂತು, ಹಾಲು ಪೂರ್ತಿ ಮುಗಿಯುವುದೇ ಇಲ್ಲವಲ್ಲ.

ಕಾರಣ ಸಿಕ್ಕಿತು ಎಂದು ಮೊದಲು ಖುಷಿಯಾಯಿತು. ಆದರೆ ಹೇಳುವುದು ಹೇಗೆ? ಹೇಳಿದರೆ ನೀನು ನೀರು ಹಾಕುತ್ತೀಯ ಎಂದು ಮುಖಕ್ಕೆ ಅಂದಂತೆ. ಹೇಳದಿದ್ದರೆ ಈ ಬೆಳಿಗ್ಗೆ ಅವಳ ಹಾಲು ನಿಂತೇ ಹೋಗುತ್ತದೆ. ತಡವರಿಸುತ್ತಾ ಹೇಳಿದೆ. ತಪ್ಪು ನಿನ್ನದಲ್ಲ, ಚೊಂಬು ತೊಳೆದ ನೀರಿನದು ಎಂದೆ. ನಾವೂ ಹಾಗೇ ಮಾಡುತ್ತೇವೆ ಎಂದೆ.

ಅವಳು ಕ್ಯಾನು ವಾಲಿಸಿ ಒಳಗೆ ನೋಡಿದಳು.

"ಹಂಗಾದ್ರೆ ಅವ್ರು ಅಂದಿದ್ದು ನಿಜಾನೇ ಆಯ್ತು. ನೀರಾಕ್ದೋಳು ನಾನೇ."

"ಹಂಗಲ್ಲ ಕಣಕ್ಕ."

"ನಿಮ್ದು ಐದು ಹಸೀನ ಹಾಲು. ಒಂದ್ ಚೊಂಬು ನೀರು ಅದ್ರಲ್ಲಿ ಎಲ್ಲೋಯ್ತದೋ. ನಂದ್ರಲ್ಲಿ ಕಾಣ್ತದೆ. ಬುಡು."

ಆ ಕ್ಯಾನಿನ ಹಾಲನ್ನು ಮನೆಗೆ ಇಟ್ಟುಕೊಂಡಳು. ಕೊನೆಯ ಮೊಲೆಯಲ್ಲಿ ಕರುವಿಗೆಂದು ಬಿಟ್ಟಿದ್ದ ಹಾಲನ್ನು ಕರೆದು, ಈ ಸಲ ನೀರು ಮುಟ್ಟಿಸದೆ ಚೊಂಬಿನಲ್ಲೇ ಡೈರಿಗೆ ತಂದಳು. ನಾನು ಯಜಮಾನರ ಕೈಯಿಂದ ನಮ್ಮ ಕ್ಯಾನು ಕಿತ್ತುಕೊಂಡು ಅವಳ ಹಿಂದೆ ನಿಂತೆ.

ಸೆಕ್ರೆಟರಿ ಅವಳ ಹಾಲಿಗೆ ಡಿಗ್ರಿ ನೋಡುವ ಗಾಜಿನ ಕಡ್ಡಿ ಬಿಟ್ಟು, ಬಗ್ಗಿ ನೋಡಿ, ತಲೆಯಾಡಿಸಿದ. "ಇವತ್ತು ಸರ್ಯಾಗೈತೆ. ನೀರಾಕ್ದೇ ಇದ್ರೆ ಹಿಂಗೇ ಬತ್ತದೆ ನೋಡವ್ವ. ಹೇಳಿದ್ದಕ್ಕೆ ಬುದ್ಧಿ ಕಲ್ತೆ."

ಸಾಲು ಪೂರ್ತಿ ಕೇಳಿಸಿಕೊಂಡಿತು. ಅಕ್ಕ ಸೆರಗು ಎಳೆದುಕೊಂಡು ಖಾಲಿ ಚೊಂಬು ಎತ್ತಿಕೊಂಡಳು. ಅವಳ ಹಾಲು ಉಳಿಯಿತು, ಹೆಸರು ಹೋಯಿತು.

ನಾನು ಬಾಯಿ ತೆರೆದೆ. ಅವಳು ಸುರಿದದ್ದು ಚೊಂಬು ತೊಳೆದ ನೀರು, ನಮ್ಮನೆಯಲ್ಲೂ ದಿನಾ ಸುರಿಯುತ್ತೇವೆ, ವಾಪಸು ಕಳಿಸುವುದಾದರೆ ನನ್ನದನ್ನೂ ಕಳಿಸು ಎಂದೆ. ಇದೂ ನನ್ನ ತಮಾಷೆಯೇ ಎಂದು ಎಲ್ಲರೂ ನಕ್ಕರು. ಸೆಕ್ರೆಟರಿಯೂ ನಗುತ್ತಲೇ ಅದೇ ಕಡ್ಡಿಯನ್ನು ನಮ್ಮ ಹಾಲಿಗೆ ಬಿಟ್ಟ. ಅವತ್ತೂ ನಮ್ಮನೆಯಲ್ಲಿ ತೊಳೆದ ನೀರು ಕ್ಯಾನಿಗೇ ಬಿದ್ದಿತ್ತು. ಕಡ್ಡಿ ನಿಲ್ಲಬೇಕಾದಲ್ಲಿ ನೆಟ್ಟಗೆ ನಿಂತಿತು.

"ನಿಮ್ದಕ್ಕೇನಾಗೈತವ್ವ," ಎಂದು ಅವನು ಹಾಲನ್ನು ದೊಡ್ಡ ಕ್ಯಾನಿಗೆ ಸುರಿದುಕೊಂಡ. ಅಕ್ಕ ಆಗಲೇ ರಸ್ತೆ ದಾಟಿದ್ದಳು.