ಬ್ರಿಂಕ್‌ಮನ್ ಮನೆಗೆ ಬಂದ ಅಳಿಯ

ಮನೆತನದ ಮೂಲ ಹುಡುಕುವುದೆಂದರೆ ಸತ್ತವರ ಸಹವಾಸವೆಂದು ಮೂಗು ಮುರಿಯುವವರೇ ಹೆಚ್ಚಿರುವ ಕಾಲದಲ್ಲಿ, ಅದು ಬದುಕಿರುವವರ ಸೇವೆಯೆಂದು ತೋರಿಸಿಕೊಟ್ಟವರು ಶ್ರೀಮತಿ ಫಖರುನ್ನಿಸಾ ಅತ್ತಾರ ಅವರು. ಹುಬ್ಬಳ್ಳಿಯಲ್ಲಿ ಹುಟ್ಟಿ, ಅಮೆರಿಕದ ಡಬ್ಲಿನ್ನಿನ ಗ್ರಂಥಾಲಯವೊಂದರ ವಂಶಚರಿತ್ರೆ ವಿಭಾಗದಲ್ಲಿ ತಲೆ ನರೆಯುವವರೆಗೆ ದುಡಿದು ನಿವೃತ್ತರಾಗುತ್ತಿರುವ ಅವರಿಗೆ ಜರ್ಮನ್ ಕುಲನಾಮಗಳು ತಮ್ಮ ಓಣಿಯ ಮನೆಗಳಷ್ಟೇ ಪರಿಚಿತ.

ಸೇರಿದ ಹೊಸದರಲ್ಲಿ ಪುಸ್ತಕ ಜೋಡಿಸುತ್ತಲೇ ಅವರು ಜರ್ಮನ್ ಕಲಿತರು. ಸಹೋದ್ಯೋಗಿ ಹರಿಪ್ರಿಯಾ ಹೆತ್ತಾಗ, ಮಗುವಿಗೆ ಡೇಕೇರ್ ಸಿಗುವವರೆಗೆ ಆಕೆಯ ಶನಿವಾರದ ಪಾಳಿಯನ್ನೂ ತಾವೇ ಮಾಡಿದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಕೆಲವು ವರ್ಷಗಳ ಹಿಂದೆ ಹತ್ತಿರದ ಡ್ಯಾನ್‌ವಿಲ್ಲಿನ ವೃದ್ಧ ಹರ್ಮನ್ ಬ್ರಿಂಕ್‌ಮನ್ ಬಂದರು. ಕಾಯಿಲೆ ಕೈಮೀರಿತ್ತು, ಕಣ್ಣು ಮುಚ್ಚುವ ಮೊದಲು ವಂಶವೃಕ್ಷ ಪೂರ್ತಿಯಾಗಬೇಕಿತ್ತು. ವಾರವಾರವೂ ಅವರನ್ನು ಕರೆತರುತ್ತಿದ್ದ ಪೀಟರ್ ಮಾತ್ರ ಹೊರಗೆ ಕಾರಿನಲ್ಲೇ ಕೂತಿರುತ್ತಿದ್ದರು. “ಅವನು ನನ್ನ ಹೆಂಡತಿಯ ಮೊದಲ ಮದುವೆಯ ಮಗ. ವೃಕ್ಷದಲ್ಲಿ ಅವನು ಬೇಡ, ಬ್ರಿಂಕ್‌ಮನ್ ರಕ್ತವಷ್ಟೇ ಇರಲಿ,” ಎಂದಿದ್ದರು ಹರ್ಮನ್.

ವೆಸ್ಟ್‌ಫಾಲಿಯಾದ ಕಡೆ ಊರಂಚಿನ ಹುಲ್ಲುನೆಲಕ್ಕೆ ಬ್ರಿಂಕ್ ಎನ್ನುತ್ತಾರೆ. ಒಳ್ಳೆಯ ಹೊಲ ಸಿಗದೆ ಅಲ್ಲಿ ಗುಡಿಸಲು ಹಾಕಿದವರು ಬ್ರಿಂಕ್‌ಮನ್ನರಾದರು. ಮಗನಿಂದ ತಂದೆಗೆ ಹಿಂದೆ ಹಿಂದೆ ಹೋದ ಫಖರುನ್ನಿಸಾ ಯೊಹಾನನೆಂಬ ಪೂರ್ವಜನ ಬಳಿ ತಡೆದು ನಿಂತರು. ಅವನು ಯಾವ ಬ್ರಿಂಕ್‌ಮನ್ನನಿಗೂ ಹುಟ್ಟಿದ ದಾಖಲೆ ಚರ್ಚಿನ ಪುಸ್ತಕದಲ್ಲಿರಲಿಲ್ಲ. ಪಾದ್ರಿ ಬರೆಯಲು ಮರೆತಿರಬೇಕೆಂದು ತಿಂಗಳುಗಟ್ಟಲೆ ಹುಡುಕಿದರು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಲೇ ಹಣೆ ಚಚ್ಚಿಕೊಂಡರು. “ಎಂಥಾ ಹುಚ್ಚಿ ನಾನು, ಹರಿಪ್ರಿಯಾ! ನಮ್ಮಪ್ಪ ಅತ್ತಾರರ ಮನಿಗೆ ಮನಿ ಅಳಿಯ ಆಗಿ ಬಂದವ್ರು. ಒಂದ್ ದಿನಾನೂ ಅತ್ತರು ಮಾರಲಿಲ್ಲ, ಆದ್ರೂ ಊರೆಲ್ಲ ಅತ್ತಾರ ಸಾಹೇಬ್ರು ಅಂತಿತ್ತು. ಈ ಯೊಹಾನನೂ ಹಂಗ ಯಾಕ ಆಗಿರಬಾರದು?”

ಮದುವೆಯ ದಾಖಲೆ ತೆಗೆದು ನೋಡಿದರೆ ಹಾಗೆಯೇ ಆಗಿತ್ತು. ಬ್ರಿಂಕ್‌ಮನ್ನರ ಮಕ್ಕಳಿಲ್ಲದ ವಿಧವೆಯನ್ನು ಮದುವೆಯಾಗಿ ಬಂದ ಯೊಹಾನ, ಅಲ್ಲಿನ ಪದ್ಧತಿಯಂತೆ ಆ ಮನೆಯ ಹೆಸರನ್ನೇ ತಳೆದಿದ್ದ. ಆಕೆ ತೀರಿದ ಮೇಲೆ ಬೇರೆ ಊರಿನಿಂದ ತಂದ ಎರಡನೆಯ ಹೆಂಡತಿಯ ಸಂತತಿಯೇ ಹರ್ಮನ್ನರ ವಂಶ.

ಸಾಯುತ್ತಿರುವ ಮನುಷ್ಯನಿಗೆ ಇದನ್ನು ಹೇಳುವುದು ಹೇಗೆ? ಫಖರುನ್ನಿಸಾ ಸಂಕಟಪಟ್ಟರು, ಆದರೆ ಮುಚ್ಚಿಡಲಿಲ್ಲ. “ಈ ಹೆಸರು ಮನೆಯದು, ರಕ್ತದ್ದಲ್ಲ. ರಕ್ತವೇ ಬೇಕೆಂದರೆ ಮೊದಲು ನಿಮ್ಮನ್ನೇ ಬಿಡಬೇಕಾಗುತ್ತದೆ,” ಎಂದರು. ಹರ್ಮನ್ ಮುಖ ಗಂಟಿಕ್ಕಿ ಎದ್ದು ಹೋದರು.

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರ ಪೀಟರ್ ಅವರ ತೋಳು ಹಿಡಿದು ಹರ್ಮನ್ ಒಳಗೆ ಬಂದರು. ಫಖರುನ್ನಿಸಾ ಇನ್ನೊಂದು ಕುರ್ಚಿ ಎಳೆದರು. “ಇವನನ್ನು ಎಲ್ಲಿ ಬರೆಯಲಿ?” ಎಂದು ಕೇಳಿದ ಹರ್ಮನ್, ಮಗನ ಹೆಸರನ್ನು ತಾವೇ ಬರೆದರು. ಅವರಿಗೆ ಮತ್ತೆ ಬರಲಾಗಲಿಲ್ಲ.

ಫಖರುನ್ನಿಸಾ ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ, ಇನ್ನೂ ಹಲವು ಮನೆಗಳ ಬೇರು ಅವರ ಕೈಗೆ ಸಿಗಲಿ. ನಾಳೆಯ ಬೀಳ್ಕೊಡುಗೆ ಸಮಾರಂಭಕ್ಕೆ ಅವರನ್ನು ಕರೆತರಲಿರುವವರು ಪೀಟರ್ ಬ್ರಿಂಕ್‌ಮನ್. ಈ ಸಲ ಪೀಟರ್ ಅವರನ್ನು ಹೊರಗೆ ಕಾರಿನಲ್ಲೇ ಕೂರಲು ಬಿಡಬಾರದೆಂದು ಫಖರುನ್ನಿಸಾ ಅವರ ಅಪ್ಪಣೆಯಾಗಿದೆ; ಮೊದಲ ಸಾಲಿನಲ್ಲಿ ಕುರ್ಚಿ ಹಾಕಿದ್ದೇವೆ.