ಹಳೇ ಸ್ಪೇರ್ ತೋರಿಸಿ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಒಂದು ಕಟ್ಟಳೆಯಿತ್ತು. ಯಂತ್ರದ ಯಾವ ಭಾಗ ಬದಲಿಸಿದರೂ ಹಳೆಯದನ್ನು ಸ್ಟೋರಿಗೆ ಒಪ್ಪಿಸಬೇಕು. ಹಳೇ ಸ್ಪೇರ್ ಕಣ್ಣಿಗೆ ಬೀಳದೆ ಹೊಸದು ಕೈಗೆ ಬರುತ್ತಿರಲಿಲ್ಲ. ನಾನು ಅಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ನನಗಾಗಿಯೇ ಯಾರೋ ಹೇಳಿಟ್ಟಂತಿತ್ತು.

ಅಂಥವನ ಎಡಪಕ್ಕೆಯಲ್ಲಿ ಒಂದು ದಿನ ಜೀವ ಹೋಗುವಂಥ ನೋವು ಬಂತು. ಮೂತ್ರದಲ್ಲಿ ಕಲ್ಲು ಎಂದರು ಆಸ್ಪತ್ರೆಯಲ್ಲಿ. ಸಣ್ಣದಾದರೆ ನೀರು ಕುಡಿಯುತ್ತಿದ್ದರೆ ತಾನೇ ಬೀಳುತ್ತದಂತೆ. ಕೆಲವನ್ನು ಹೊರಗಿನಿಂದಲೇ ತರಂಗ ಬಿಟ್ಟು ಒಡೆಯುತ್ತಾರಂತೆ. ತೀರ ದೊಡ್ಡದಾದರೆ ಬೆನ್ನಿಗೆ ತೂತು ಕೊರೆಯುತ್ತಾರಂತೆ. ನನ್ನದು ಮೂತ್ರನಾಳದಲ್ಲಿ ಸಿಕ್ಕಿಕೊಂಡು ಕಿಡ್ನಿಯನ್ನು ಊದಿಸಿತ್ತು. ಮೂತ್ರ ಬರುವ ದಾರಿಯಲ್ಲೇ ನಳಿಗೆ ಬಿಟ್ಟು ಲೇಸರ್‌ನಿಂದ ಪುಡಿ ಮಾಡುತ್ತೇವೆ ಎಂದರು ಡಾಕ್ಟರು. ನೋವು ತಡೆಯಲಾರದೆ ಒಪ್ಪಿದೆ.

ಎಚ್ಚರವಾದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ.

“ಕಲ್ಲು ತೋರ್ಸಿ ಸಾರ್,” ಎಂದೆ.

“ಪುಡಿ ಆಯ್ತಲ್ಲ, ಮೂತ್ರದಲ್ಲಿ ಹೋಗ್ತಿರುತ್ತೆ,” ಎಂದು ಡಾಕ್ಟರು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು: “ಒಳಗೆ ಒಂದು ಮೆತ್ತನೆ ಕೊಳವೆ ಇಟ್ಟಿದೀವಿ, ಸ್ಟೆಂಟ್ ಅಂತ. ಮೂತ್ರ ಕಟ್ಟದಿರಲಿ ಅಂತ. ಎರಡು ವಾರಕ್ಕೆ ಬಂದು ತೆಗೆಸ್ಕೊಳ್ಳಿ. ಮರೆತು ಬಿಟ್ಕೊಂಡ್ರೆ ಕಿಡ್ನಿಗೇ ಕುತ್ತು.”

ಗಾಯವಿಲ್ಲ, ಕಲ್ಲಿಲ್ಲ, ಕಾಣದ ಕೊಳವೆಯೊಂದು ಮಾತ್ರ ಒಳಗಿದೆಯಂತೆ! ಗಿರಾಕಿ ಮತ್ತೆ ಬರಲೆಂದು ನಟ್ಟು ಸಡಿಲ ಬಿಡುವ ಮೆಕ್ಯಾನಿಕ್‌ಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ಸಾಲದ್ದಕ್ಕೆ ಕಾರ್ಖಾನೆಯ ಗೆಳೆಯರು ಬೇರೆ, “ಮಗಾ, ಕಿಡ್ನಿ ಎರಡೂ ಇದೆಯಾ ನೋಡ್ಕೊಂಡ್ಯಾ?” ಎಂದು ಕಿಚಾಯಿಸಿದರು. ನಾನೂ ನಕ್ಕೆ. ಮನೆಗೆ ಬಂದು ಪಕ್ಕೆ ಮುಟ್ಟಿ ನೋಡಿಕೊಂಡೆ.

“ಹೋಗಿ ತೆಗೆಸ್ಕೊಂಡು ಬನ್ರೀ,” ಎಂದಳು ಹೆಂಡತಿ.

“ಇದೆಲ್ಲ ಇನ್ನೊಂದು ಸಲ ಸುಲಿಯೋ ಉಪಾಯ ಕಣೇ. ನಂಗೆ ಗೊತ್ತಾಗಲ್ವಾ?”

ನನ್ನ ಕೆಲಸದ ಮೇಲೆ ಅವಳಿಗೆ ಬಹಳ ನಂಬಿಕೆ. ಗಂಡನಿಗೆ ತಿಳಿದೀತು ಎಂದು ಸುಮ್ಮನಾದಳು. ವಾರಗಳು ತಿಂಗಳುಗಳಾದವು. ಮತ್ತೆ ಮತ್ತೆ ಉರಿಮೂತ್ರ, ಭಾರ ಎತ್ತಿದರೆ ರಕ್ತ. ಕೆಲಸ ಕೆಡಿಸಿದ್ದಾರೆ ಎಂದು ಡಾಕ್ಟರನ್ನೇ ಬೈದುಕೊಂಡೆ.

ಕೊನೆಗೆ ನನ್ನ ವೃತ್ತಿಯ ಉಪಾಯವನ್ನೇ ಹೂಡಿದೆ. ಅನುಮಾನದ ಮಾಲನ್ನು ನಾವು ಏನೂ ಹೇಳದೆ ಇನ್ನೊಬ್ಬರಿಂದ ಅಳತೆ ಮಾಡಿಸುತ್ತೇವೆ. ಹೆಂಡತಿಯನ್ನು ಕರೆದುಕೊಂಡು ಮಾದನಾಯಕನಹಳ್ಳಿಯ ಬೇರೊಬ್ಬ ಡಾಕ್ಟರ ಬಳಿ ಹೋಗಿ ಪಕ್ಕೆನೋವು ಎಂದಷ್ಟೇ ಹೇಳಿದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಏನ್ರೀ, ಸ್ಟೆಂಟ್ ಇನ್ನೂ ಒಳಗೇ ಇದೆ! ಯಾವಾಗ ಹಾಕ್ಸಿದ್ದು?” ಎಂದರು. ಎರಡು ತುದಿಯೂ ಸುರುಳಿಯಾದ ಬಿಳಿ ಗೆರೆ ನನಗೂ ಕಂಡಿತು. ಹೆಂಡತಿ ನನ್ನ ಕಡೆ ನೋಡಲಿಲ್ಲ.

ಮಾರನೆಯ ದಿನವೇ ಮೊದಲಿನ ಆಸ್ಪತ್ರೆಗೆ ಓಡಿದೆವು. ಮರಗಟ್ಟುವ ಮುಲಾಮು ಹಾಕಿ, ನಳಿಗೆ ಬಿಟ್ಟು, ಡಾಕ್ಟರು ಕೊಳವೆಯನ್ನು ಮೆಲ್ಲಗೆ ಎಳೆದು ತೆಗೆದರು. ಕೇಳದೆಯೇ ಅದನ್ನು ಟ್ರೇಯಲ್ಲಿ ತಂದು ತೋರಿಸಿದರು. ಬೆರಳಲ್ಲಿ ಉಜ್ಜಿದೆ. ಮೈತುಂಬ ಸುಣ್ಣದಂತೆ ಕಲ್ಲು ಕಟ್ಟತೊಡಗಿತ್ತು.

“ಪುಣ್ಯಕ್ಕೆ ಸಲೀಸಾಗಿ ಬಂತು. ಕಿಡ್ನಿಗೆ ಏನೂ ಆಗಿರಲಿಕ್ಕಿಲ್ಲ,” ಎಂದರು. ನನಗೆ ಅಳುವೇ ಬಂತು. ಹುಟ್ಟಿದ ಮೇಲೆ ಮೊದಲ ಸಲ ಒಬ್ಬರ ಮಾತನ್ನು ತಕರಾರಿಲ್ಲದೆ ನಂಬಿ, “ನಡಿ, ಮನೆಗೆ ಹೋಗೋಣ,” ಎಂದು ಎದ್ದೆ.

ಹೆಂಡತಿ ಕುರ್ಚಿ ಬಿಟ್ಟು ಏಳಲಿಲ್ಲ.

“ಸ್ಕ್ಯಾನ್ ಮಾಡಿ ತೋರ್ಸಿ ಸಾರ್,” ಎಂದಳು. “ಇವ್ರ ಮಾತು ನಂಬ್ಕೊಂಡು ಇಷ್ಟು ದಿನ ಸುಮ್ನಿದ್ದೆ. ಇನ್ಮೇಲೆ ನಾನೇ ಕಣ್ಣಾರೆ ನೋಡ್ಬೇಕು.”